ಮೂರಡಿ ಲಾಂಗಿನವರಿಗೆ ಮೂರಿಂಚು ಚಾಕುವಿನವರ ಬಹಿರಂಗ ಪತ್ರ

ಕನ್ನಡದ ಸಮಸ್ತ ಆಕ್ಷನ್ ಸಿನಿಮಾ ನಿರ್ದೇಶಕರಿಗೆ, ಬಳ್ಳಾರಿ ತಾಲ್ಲೂಕು ಮೋಕದ ಬೇವಿನ ಕಟ್ಟೆಯಿಂದ ಸಾಷ್ಟಾಂಗ ನಮಸ್ಕಾರಗಳು.

ನಿಮ್ಮಲ್ಲಿ ಇಂಥವರಿಗೇ ಅಂತ ಹೆಸರು ಹಿಡಿದು ಬರೆದಿಲ್ಲ. ಕನ್ನಡದಲ್ಲಿ ನಾಯಕನ ಕೈಗೆ ಲಾಂಗ್ ಕೊಡದ ಆಕ್ಷನ್ ನಿರ್ದೇಶಕರನ್ನು ಹುಡುಕಿ, ಅವರೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಎಂದು ಬರೆಯುವುದೇ ಸಲೀಸು. ಆ ಒಬ್ಬರು ಸಿಕ್ಕರೆ ಅವರಿಗೆ ಬೇರೆಯಾಗಿ ಮಿರ್ಚಿ-ವಗ್ಗರಣೆ ಕೊಡಿಸುತ್ತೇವೆ.

ನಾವು ಯಾರು ಅಂತ ಹೇಳಿಬಿಡುತ್ತೇನೆ. ನಾವು ಜೇಬಿನಲ್ಲಿ ಚಾಕು ಇಟ್ಟುಕೊಂಡು ಓಡಾಡುವ ಮಂದಿ. ಹೌದು, ಸಾಹೇಬರೇ, ಗುಂಪು ಕಟ್ಟಿಕೊಂಡಿದ್ದೇವೆ. ಗುಂಪಿನಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು, ಒಬ್ಬರು ನಿವೃತ್ತ ಕಂಡಕ್ಟರು, ಒಬ್ಬರು ಸೈಕಲ್ ಷಾಪಿನ ಭಾಯಿ, ಒಬ್ಬ ಮೆಣಸಿನಕಾಯಿ ಬೆಳೆಯುವ ಹುಡುಗ, ಮತ್ತೆ ಈ ಪತ್ರ ಬರೆಯುವ ನಾನು. ನಮ್ಮ ಹಳೆಯ ಕೇಸುಗಳು ಇಷ್ಟು: ಪೇರಲ ಹಣ್ಣು, ಸೌತೆಕಾಯಿ, ಈರುಳ್ಳಿ, ನಿಂಬೆ, ಬೀಜದ ಚೀಲದ ಹೊಲಿಗೆ, ನೈಲಾನ್ ಹಗ್ಗ, ಡ್ರಿಪ್ ಪೈಪು, ಬೇವಿನ ಕಡ್ಡಿ, ಎಲೆಯ ತೊಟ್ಟು. ಇವುಗಳಲ್ಲಿ ಯಾರೂ ಇದುವರೆಗೆ ದೂರು ಕೊಟ್ಟಿಲ್ಲ.

ನಮ್ಮೂರಿನ ಸಂಗತಿಯೂ ನಿಮಗೆ ಗೊತ್ತಿರಲಿ. ಹಗರಿ ಹೊಳೆಯ ಸೀಮೆ. ತುಂಗಭದ್ರಾ ಕಾಲುವೆಯ ನೀರಿಗೆ ಭತ್ತ, ಮೆಣಸಿನಕಾಯಿ, ಹತ್ತಿ. ಸ್ವಲ್ಪ ದೂರ ಹೋದರೆ ಆಂಧ್ರ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದೋನಿ, ಆಲೂರು, ರಾಯದುರ್ಗ ಆ ಕಡೆಗೇ ಉಳಿದವು. ಗಡಿ ಹಾಕಿದವರು ಹೊಲ ಹಂಚಿದರು, ಊರು ಹಂಚಿದರು, ಸಿನಿಮಾ ಹಂಚುವುದನ್ನು ಮರೆತರು. ಹೀಗಾಗಿ ನಮಗೆ ಎರಡೂ ಕಡೆಯಿಂದ ಏಟು. 1995ರಲ್ಲಿ ‘ಓಂ’ ಬಂತು, ಆಮೇಲೆ ಕನ್ನಡದ ನಾಯಕನ ಬೆನ್ನಿಗೆ ಲಾಂಗ್ ಬಂತು. 1999ರಲ್ಲಿ ತೆಲುಗಿನ ‘ಸಮರಸಿಂಹ ರೆಡ್ಡಿ’ ಬಂತು, 2002ರಲ್ಲಿ ‘ಇಂದ್ರ’ ಬಂತು. ರಾಯಲಸೀಮೆಯ ಕೊಡವಲಿ ಎಂಬ ಕುಡಗೋಲು, ನಾಡಬಾಂಬು, ಸಾಲುಸಾಲು ಸುಮೋಗಳು ಬಂದವು. 2005ರಲ್ಲಿ ‘ಜೋಗಿ’. ನಮ್ಮ ಜನಕ್ಕೆ ಎರಡೂ ಭಾಷೆ ಬರುತ್ತದೆ, ಆದ್ದರಿಂದ ಎರಡೂ ಭಾಷೆಯಲ್ಲಿ ಹೆದರಿದರು. ಆಮೇಲೆ 2018ರ ‘ಕೆಜಿಎಫ್’ನಲ್ಲಿ ಸುತ್ತಿಗೆ, 2022ರ ಎರಡನೇ ಭಾಗದಲ್ಲಿ ‘ದೊಡ್ಡಮ್ಮ’ ಅನ್ನುವ ಹೆಸರಿನ ಮೆಷಿನ್ ಗನ್ನು. ನಮ್ಮ ಮನೆಯ ದೊಡ್ಡಮ್ಮ ಆ ಸಿನಿಮಾ ನೋಡಿ ಬಂದು, ಈಳಿಗೆಮಣೆ ಮುಂದೆ ಕೂತು ಬದನೆಕಾಯಿ ಹೆಚ್ಚುತ್ತಾ, ಒಂದೇ ಮಾತು ಕೇಳಿದಳು: “ಅಷ್ಟು ಸುಟ್ಟನಲ್ಲೋ, ಆ ಹುಡುಗ ಉಂಡನೇನೋ?”

ಆ ಪ್ರಶ್ನೆಯೇ ಈ ಪತ್ರಕ್ಕೆ ಕಾರಣ.

ನಿಮ್ಮ ನಾಯಕ ಮೂರಡಿ ಅಲಗು ಹಿಡಿದು ಎರಡೂವರೆ ತಾಸು ಓಡಾಡುತ್ತಾನೆ. ಅಷ್ಟರಲ್ಲಿ ಒಂದು ಈರುಳ್ಳಿ ಹೆಚ್ಚಿದ್ದನ್ನು ನಾವು ಕಂಡಿಲ್ಲ. ಅವನ ಗೆಳೆಯರೆಲ್ಲ ಅವನಿಗಾಗಿ ಪ್ರಾಣ ಕೊಡುತ್ತಾರೆ, ಅವನು ಅವರಿಗೆ ಒಂದು ಹೋಳು ಮಾವಿನಕಾಯಿ ಕೊಡುವುದಿಲ್ಲ. ನಿಮ್ಮ ಚಿತ್ರಗಳಲ್ಲಿ ಸ್ನೇಹಕ್ಕೆ ಹಾಡಿದೆ, ಸ್ಲೋ ಮೋಷನ್ ಇದೆ, ಶವಯಾತ್ರೆಯೂ ಇದೆ; ತಿನ್ನಲಿಕ್ಕೆ ಮಾತ್ರ ಏನೂ ಇಲ್ಲ. ನಮ್ಮ ಸೀಮೆಯಲ್ಲಿ ಗೆಳೆತನ ಅಂದರೆ ಮೊದಲು ತಿನ್ನಲಿಕ್ಕೆ ಏನಾದರೂ ಇರಬೇಕು, ಅದನ್ನು ಹೋಳು ಮಾಡಲಿಕ್ಕೆ ಒಬ್ಬನ ಹತ್ತಿರ ಚಾಕು ಇರಬೇಕು.

ಕುಶಲಕಲೆಯ ವಿಚಾರಕ್ಕೂ ಬರೋಣ. ನಿಮ್ಮ ನಾಯಕ ಲಾಂಗನ್ನು ಟಾರ್ ರಸ್ತೆಯ ಮೇಲೆ ಎಳೆದುಕೊಂಡು ಬರುತ್ತಾನೆ, ಕಿಡಿ ಹಾರುತ್ತದೆ, ಥಿಯೇಟರಿನಲ್ಲಿ ಶಿಳ್ಳೆ. ಅದೇ ಹೊತ್ತಿಗೆ ಹಿಂದಿನ ಸಾಲಿನಲ್ಲಿ ನಮ್ಮ ಭಾಯಿ “ಅಯ್ಯೋ ಅಯ್ಯೋ” ಅಂತ ಎದೆ ಹಿಡಿದುಕೊಂಡರು. ಪಕ್ಕದವರು ವಿಲನ್ನಿನ ಮೇಲಿನ ಕನಿಕರ ಅಂದುಕೊಂಡರು. ಭಾಯಿ ಅತ್ತದ್ದು ಅಲಗಿಗೆ. ಕಿಡಿ ಹಾರಿದರೆ ಬಾಯಿ ಹೋಯಿತು, ಸ್ವಾಮೀ. ಆ ಲಾಂಗಿನಲ್ಲಿ ಆಮೇಲೆ ಬಾಳೆಎಲೆಯೂ ಕುಯ್ಯುವುದಿಲ್ಲ. ಮಳೆಯಲ್ಲಿ ಹೊಡೆದಾಟ ಇಡುತ್ತೀರಿ. ಮುಗಿದ ಮೇಲೆ ಯಾರೂ ಅದನ್ನು ಒಣಬಟ್ಟೆಯಲ್ಲಿ ಒರೆಸುವುದಿಲ್ಲ, ಒಂದು ತೊಟ್ಟು ಎಣ್ಣೆ ಬಿಡುವುದಿಲ್ಲ. ಮಧ್ಯಂತರದ ಹೊತ್ತಿಗೆ ತುಕ್ಕು ಹಿಡಿಯಬೇಕು. ಹಿಡಿಯುವುದಿಲ್ಲ. ಅದೆಂಥ ಕಬ್ಬಿಣವೋ!

ಭಾಯಿ ಚಾಕು ಮಸೆಯುವುದನ್ನು ನೀವು ಒಮ್ಮೆ ಬಂದು ನೋಡಬೇಕು. ಒರಟು ಒಂದು ಮುಖ, ನುಣುಪು ಒಂದು ಮುಖ ಇರುವ ಸಾಣೆಕಲ್ಲನ್ನು ಒದ್ದೆ ಗೋಣಿಯ ಮೇಲೆ ಇಡುತ್ತಾರೆ, ಜಾರಬಾರದು ಅಂತ. ಒರಟು ಮುಖ ಮೇಲೆ. ಅಲಗನ್ನು ಮಲಗಿಸಿ, ಬೆನ್ನಿನ ಕಡೆ ಎರಡು ರೂಪಾಯಿ ನಾಣ್ಯ ತೂರುವಷ್ಟು ಸಂದು ಬಿಟ್ಟು ಎತ್ತುತ್ತಾರೆ. ಆ ಸಂದು ಕೊನೆಯವರೆಗೂ ಹೆಚ್ಚಾಗಬಾರದು, ಕಡಿಮೆಯಾಗಬಾರದು, ವಿದ್ಯೆಯೆಲ್ಲ ಅಷ್ಟೇ. ಹಿಡಿಯ ಬುಡದಿಂದ ತುದಿಯವರೆಗೆ ಒಂದೇ ಎಳೆತ, ಮೆಲ್ಲಗೆ. ಸ್ವಲ್ಪ ಹೊತ್ತಿಗೆ ಅಲಗಿನ ಇನ್ನೊಂದು ಮಗ್ಗುಲಿಗೆ ಕೂದಲೆಳೆಯಂಥ ಮಡಿಕೆ ಏಳುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಹೆಬ್ಬೆರಳನ್ನು ಅಡ್ಡಡ್ಡ ಸವರಿದರೆ ತಾಕುತ್ತದೆ. ಆಗ ಮಗ್ಗುಲು ಬದಲಿಸಬೇಕು. ಆಮೇಲೆ ನುಣುಪು ಮುಖ. ಆಮೇಲೆ ಕಲ್ಲು ಬದಿಗಿಟ್ಟು ಹಳೇ ಚರ್ಮದ ಬೆಲ್ಟಿನ ಮೇಲೆ ಬೆನ್ನು ಮುಂದಾಗಿ ಸವರಬೇಕು. ಕಲ್ಲು ಮನೆಯಲ್ಲೇ ಉಳಿದಿದ್ದರೆ ಹೋಟೆಲಿನ ಪಿಂಗಾಣಿ ಕಪ್ಪು ಬೋರಲು ಹಾಕಿ ಅದರ ತಳದ ಒರಟು ಅಂಚಿನ ಮೇಲೆ ನಾಲ್ಕೆಳೆತ ಎಳೆದರೂ ಆದೀತು. ಹೋಟೆಲಿನವ ನೋಡುತ್ತಿರಬಾರದು ಅಷ್ಟೇ. ಬಾಯಿ ಬಂತೋ ಇಲ್ಲವೋ ಅಂತ ಪರೀಕ್ಷೆ ಮಾಡುವುದು ಪೇಪರಿನ ಹಾಳೆ ಸೀಳಿ. ಕ್ಷಮಿಸಬೇಕು, ಅದಕ್ಕೆ ನಾವು ಬಳಸುವುದು ಸಿನಿಮಾ ಪುಟ.

ಭಾಯಿಯ ಸ್ವಂತ ಚಾಕುವಿಗೆ ಕಂಪನಿಯಿಲ್ಲ. ಮುರಿದ ಆಕ್ಸಾ ಬ್ಲೇಡಿನ ತುಂಡು, ಹಿಡಿಗೆ ಸೈಕಲ್ ಟ್ಯೂಬು. ಸರಳುಗಳನ್ನು ಕುಯ್ದು ನಿವೃತ್ತಿಯಾದ ಬ್ಲೇಡು ಈಗ ನಿಂಬೆಹಣ್ಣು ಕುಯ್ಯುತ್ತದೆ. ಮಡಚಲು ಬರುವುದಿಲ್ಲ, ಬಗ್ಗಿಸಿದರೆ ಮುರಿಯುತ್ತದೆ, ಒಮ್ಮೆ ಮಸೆದರೆ ಬಹಳ ದಿನ ಬಾಯಿ ನಿಲ್ಲುತ್ತದೆ. ಮೇಷ್ಟ್ರದು ಹಿತ್ತಾಳೆ ಹಿಡಿಯ ಮಡಚುವ ಚಾಕು, ಮಕ್ಕಳ ಪೆನ್ಸಿಲು ಚೂಪು ಮಾಡಿ ಮಾಡಿ ಅಲಗಿನ ಹೊಟ್ಟೆ ಒಳಗೆ ಹೋಗಿದೆ; ಅದರಲ್ಲಿ ಅವರು ಎಲೆಯ ತೊಟ್ಟು ಮುರಿಯುವುದಿಲ್ಲ, ಕುಯ್ಯುತ್ತಾರೆ. ನನ್ನದು ಕಂಬಾರ ತಾತ ಲಾರಿಯ ಕಮಾನು ಪಟ್ಟೆ ಕಾಯಿಸಿ ಬಡಿದು ಮಾಡಿಕೊಟ್ಟದ್ದು. ಸಂಡೂರಿನಲ್ಲಿ ಅದಿರು, ತೋರಣಗಲ್ಲಿನಲ್ಲಿ ವರ್ಷಕ್ಕೆ ಕೋಟಿ ಟನ್ನಿಗೂ ಮೀರಿ ಉಕ್ಕು ಮಾಡಬಲ್ಲ ಕಾರ್ಖಾನೆ. ಇಂಥ ಜಿಲ್ಲೆಯಲ್ಲಿ ನಮಗೊಂದು ಚಾಕು ಬೇಕಾದರೆ ಲಾರಿ ಗುಜರಿಗೆ ಹೋಗುವುದನ್ನೇ ಕಾಯಬೇಕು. ಜಾತ್ರೆಯಲ್ಲಿ ಉಗುರುಕಟ್ಟರಿನ ಬೆನ್ನಿಗೆ ಅಂಟಿಸಿದ ಚಿಕ್ಕ ಚಾಕು ಸಿಗುತ್ತದೆ. ಅದರಲ್ಲಿ ಉಗುರೂ ಕತ್ತರಿಸುವುದಿಲ್ಲ.

ಕಂಡಕ್ಟರ್ ಮಾವನಿಗೆ ಅಮೆರಿಕದ ಮೊಮ್ಮಗ ಕೆಂಪು ಹಿಡಿಯ ಸ್ವಿಸ್ ಚಾಕು ತಂದುಕೊಟ್ಟ. ಕಾರ್ಲ್ ಎಲ್ಸೆನರ್ ಎಂಬಾತ 1884ರಲ್ಲಿ ಸ್ವಿಟ್ಜರ್ಲೆಂಡಿನ ಇಬಾಖ್‌ನಲ್ಲಿ ತೆಗೆದ ಕಾರ್ಖಾನೆಯ ವಂಶದ್ದು. ಅಂಥ ಚಾಕುವಿಗೆ ಅಡಿಪಾಯವಾದ ‘ಆಫೀಸರ್’ ಮಾದರಿ 1897ರದ್ದು. ಸೇನೆಗೆ ಅಂತ ಹುಟ್ಟಿದ ಚಾಕುವಿನ ವಂಶ ನೋಡಿ: ಡಬ್ಬಿ ತೆಗೆಯಲಿಕ್ಕೆ, ತಿರುಪು ಬಿಚ್ಚಲಿಕ್ಕೆ. ಸೈನಿಕನಿಗೂ ಮೊದಲು ಊಟ ಅನ್ನುವುದು ಅವರಿಗೆ ಹೊಳೆದಿತ್ತು. ಕಟ್ಟೆಗೆ ಬಂದ ಮೇಲೆ ಅದರ ಹಲ್ಲುಕಡ್ಡಿ ಮೊದಲು ಕಳೆಯಿತು. ಬಾಟಲಿ ಬಿರಡೆ ಎಳೆಯುವ ಸುರುಳಿಕಡ್ಡಿ ಏತಕ್ಕೆ ಅಂತ ಬಹಳ ಚರ್ಚೆಯಾಗಿ, ಕೊನೆಗೆ ಗೋಣಿಚೀಲದ ಬಿಗಿದ ಗಂಟು ಸಡಿಲಿಸಲಿಕ್ಕೆ ಅಂತ ತೀರ್ಮಾನವಾಯಿತು. ಈಗ ಅದು ಆ ಕೆಲಸದಲ್ಲಿ ಖಾಯಂ ಆಗಿದೆ. ಅದೇ ಕಂಪನಿಯವರು 2024ರಲ್ಲಿ, ಹಲವು ದೇಶಗಳಲ್ಲಿ ಚಾಕುವಿನ ಕಾನೂನು ಬಿಗಿಯಾಗುತ್ತಿರುವುದರಿಂದ ಅಲಗೇ ಇಲ್ಲದ ಜೇಬುಚಾಕುಗಳನ್ನೂ ಮಾಡುವ ಯೋಚನೆಯಲ್ಲಿದ್ದೇವೆ ಅಂದರು. ಮಾವ ಆ ಸುದ್ದಿ ಓದಿ ಬಹಳ ಹೊತ್ತು ಮಾತಾಡಲಿಲ್ಲ.

ಹುಡುಗನದು ಮಾತ್ರ ಆನ್‌ಲೈನ್ ಚಾಕು. ಬಳ್ಳಾರಿಯಲ್ಲೇ ಹೊಲಿದ ಜೀನ್ಸ್ ಪ್ಯಾಂಟಿನ ಬಲಗಡೆ, ದೊಡ್ಡ ಕಿಸೆಯೊಳಗೆ ಒಂದು ಪುಟ್ಟ ಕಿಸೆ ಇರುತ್ತದಲ್ಲ, ಅದರಲ್ಲಿ ಅದು ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ. ನಮ್ಮಂಥ ಹಳಬರದು ಬನಿಯನ್ನಿನ ಒಳಕಿಸೆ.

ಕಟ್ಟೆಗೆ ಒಂದು ಕಟ್ಟುಪಾಡಿದೆ. ಚಾಕುವನ್ನು ಕೈಯಿಂದ ಕೈಗೆ ಕೊಡುವ ಹಾಗಿಲ್ಲ. ಕೊಟ್ಟರೆ ಜಗಳ ಬರುತ್ತದೆ ಅಂತ ಹಿರಿಯರು ಹೇಳುತ್ತಿದ್ದರು. ಮಡಚಿ ಕಟ್ಟೆಯ ಕಲ್ಲಿನ ಮೇಲೆ ಇಡಬೇಕು, ಬೇಕಾದವನು ಎತ್ತಿಕೊಳ್ಳಬೇಕು. ಯುರೋಪಿನ ಮಂದಿಗೂ ಇಂಥದೇ ಒಂದು ಅಂಜಿಕೆಯಿದೆ: ಚಾಕು ಉಡುಗೊರೆ ಕೊಟ್ಟರೆ ಸ್ನೇಹ ಕುಯ್ದುಹೋಗುತ್ತದೆ ಅಂತ, ಪಡೆದವರು ಒಂದು ಚಿಲ್ಲರೆ ಕಾಸು ತಿರುಗಿ ಕೊಟ್ಟು ಕೊಂಡುಕೊಂಡ ಹಾಗೆ ಮಾಡುತ್ತಾರೆ. ಮೂಢನಂಬಿಕೆ ಅನ್ನಿ, ಅಡ್ಡಿಯಿಲ್ಲ. ಆದರೆ ಅಲಗಿರುವ ವಸ್ತು ಕೈ ಬದಲಿಸುವಾಗ ಎರಡು ಕ್ಷಣ ತಡೆದು ಯೋಚಿಸಬೇಕು ಅನ್ನುವ ಬುದ್ಧಿ ಅದರಲ್ಲಿದೆ. ನಿಮ್ಮ ಚಿತ್ರದಲ್ಲಿ ಗೆಳೆಯ ಮಹಡಿಯಿಂದ ಲಾಂಗ್ ಎಸೆಯುತ್ತಾನೆ, ನಾಯಕ ಕೆಳಗೆ ನೋಡದೆ ಹಿಡಿಯುತ್ತಾನೆ. ನಮ್ಮಲ್ಲಿ ಹಾಗೆ ಎಸೆದವನನ್ನು ಕಟ್ಟೆ ಹತ್ತಿಸುವುದಿಲ್ಲ.

ಭಾನುವಾರ ಬೆಳಿಗ್ಗೆಯ ಬೈಠಕ್ಕು ಹೀಗಿರುತ್ತದೆ. ವಗ್ಗರಣೆ, ಮಿರ್ಚಿ ಪೊಟ್ಟಣ ಬಿಚ್ಚುತ್ತದೆ. ಭಾಯಿ ನಿಂಬೆ, ನಾನು ಈರುಳ್ಳಿ, ಮೇಷ್ಟ್ರು ಸೌತೆಕಾಯಿ. ಸೌತೆಕಾಯಿಯ ತುದಿ ಕುಯ್ದು, ಅದೇ ತುಂಡಿನಿಂದ ಉಜ್ಜಿ, ಬಿಳಿ ನೊರೆ ಬರಿಸುತ್ತಾರೆ, ಕಹಿ ಹೋಗಲಿ ಅಂತ. ಆಮೇಲೆ ಬುಡದವರೆಗೆ ಹೋಗದಂತೆ ನಾಲ್ಕಾಗಿ ಸೀಳಿ ಉಪ್ಪು-ಖಾರ ತುಂಬುತ್ತಾರೆ. ಹುಡುಗ ಫೋಟೋ ತೆಗೆಯುತ್ತಾನೆ, ಸೌತೆಕಾಯಿಯದಲ್ಲ, ಚಾಕುಗಳದು. ಪಕ್ಕದಲ್ಲಿ ಹೂವು ಕಟ್ಟುವ ಅಕ್ಕ ಇದನ್ನೆಲ್ಲ ನೋಡಿ ನೋಡಿ ಒಂದು ದಿನ ಅಂದೇಬಿಟ್ಟಳು: “ಅಲ್ರೀ ಅಣ್ಣಾ, ಐದು ಮಂದಿ ಗಂಡಸ್ರು ಐದು ಚಾಕು ಇಟ್ಕಂಡು ಒಂದು ಸೌತಿಕಾಯಿ ಹೆಚ್ಚಾಕ ಇಷ್ಟೊತ್ತೇನ್ರೀ? ಅಷ್ಟೊತ್ತಿಗೆ ನಾವು ಮನಿಮಂದಿಗೆಲ್ಲ ಅಡಿಗಿ ಮಾಡಿ ಇಟ್ಟಿರ್ತೀವಿ.” ಸಭೆ ಈ ಠರಾವನ್ನು ಸರ್ವಾನುಮತದಿಂದ ಕೇಳದ ಹಾಗೆ ಮಾಡಿತು. ಅವಳ ಹೂದಾರ ಕುಯ್ಯುವ ಚೂರಿಯೇ ಕಟ್ಟೆಯ ಸುತ್ತ ಎಲ್ಲಕ್ಕಿಂತ ಹರಿತ ಅನ್ನುವುದು ನಮ್ಮೆಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

ಹೀಗೆ ಇದ್ದ ನಮ್ಮನ್ನು ನೀವು ಪ್ರಸಿದ್ಧಿಗೆ ತಂದಿರಿ. ಬೆಂಗಳೂರಿಗೆ ಮಗಳ ಮನೆಗೆ ಹೋದಾಗ ಒಂದು ಮಾಲಿನ ಬಾಗಿಲಲ್ಲಿ ನನ್ನ ಒಳಕಿಸೆಗೆ ಯಂತ್ರ ಕೂಗಿಕೊಂಡಿತು. ಕಾವಲಿನ ಹುಡುಗ ಚಾಕು ತೆಗೆದಿಡಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಾರಿಗೆ ತಾತ?” ಅಂದ. “ಪೇರಲ ಹಣ್ಣಿಗೆ” ಅಂದೆ. ನಂಬಲಿಲ್ಲ. ಚಾಕು ಬಾಗಿಲಲ್ಲೇ ಉಳಿಯಿತು, ನಾನು ಒಳಗೆ ಹೋದೆ. ಮೇಲಿನ ಅಂತಸ್ತಿನ ಸಿನಿಮಾ ಮಂದಿರದ ಮುಂದೆ ಆಳೆತ್ತರದ ನಾಯಕನ ಕಟೌಟು, ಅವನ ಎರಡೂ ಕೈಯಲ್ಲಿ ಎರಡು ಲಾಂಗ್, ಅದರ ಪಕ್ಕ ನಿಂತು ಮಕ್ಕಳು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಅವನನ್ನು ಯಾವ ಯಂತ್ರವೂ ಕೂಗಿ ಹಿಡಿದಿರಲಿಲ್ಲ. ಕಾವಲಿನ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ತನ್ನ ಕೆಲಸ ಮಾಡಿದ. ಚಾಕು ಅಂದ ಕೂಡಲೇ “ಯಾರಿಗೆ” ಅನ್ನುವ ಪ್ರಶ್ನೆ ಅವನ ಬಾಯಿಗೆ ಕೊಟ್ಟವರು ಯಾರು ಅಂತ ಮಾತ್ರ ಯೋಚಿಸುತ್ತಾ ಎಸ್ಕಲೇಟರ್ ಇಳಿದೆ.

2025ರ ಮಾರ್ಚಿನಲ್ಲಿ ಕಿರುತೆರೆಯ ಇಬ್ಬರು ಬೆಂಗಳೂರಿನಲ್ಲಿ ಮಚ್ಚು ಹಿಡಿದು ರೀಲ್ಸ್ ಮಾಡಿ ಪೊಲೀಸರ ಅತಿಥಿಗಳಾದರಲ್ಲ. ಅದು ಫೈಬರ್ ಮಚ್ಚು ಅಂತ ವಾದ ಎದ್ದಿತು. ಸುದ್ದಿ ಓದುತ್ತಿದ್ದ ಭಾಯಿ ತಲೆಯೆತ್ತಿ, “ಫೈಬರಾದ್ರೆ ಸಾಣಿ ಹೆಂಗ ಹಿಡೀತಾರ?” ಅಂದರು. ಕಟ್ಟೆಯಲ್ಲಿ ಆ ಪ್ರಕರಣದ ಬಗ್ಗೆ ನಡೆದ ಚರ್ಚೆ ಅಷ್ಟೇ.

ಮೇಷ್ಟ್ರು ಕಾನೂನೂ ಓದಿಟ್ಟಿದ್ದಾರೆ, ಹೇಳಿಬಿಡುತ್ತೇನೆ. ಶಸ್ತ್ರಾಸ್ತ್ರ ನಿಯಮಗಳು ಆಯುಧ ಅಂತ ಹೆಸರಿಸುವುದು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಅಲಗಿನ ಕತ್ತಿ, ಚೂರಿಗಳನ್ನು; ಮನೆಗೆಲಸಕ್ಕೆ, ಬೇಸಾಯಕ್ಕೆ ಅಂತ ಮಾಡಿದವನ್ನು ಅದರಿಂದ ಬಿಟ್ಟಿವೆ. ಅಂದರೆ ಸರಕಾರವೇ ಸೌತೆಕಾಯಿಯನ್ನು ಒಪ್ಪಿಕೊಂಡಿದೆ, ನೀವೇ ಒಪ್ಪಿಲ್ಲ. ಕೊಡಗಿನವರು ಸೊಂಟದ ಚೇಲೆಗೆ ಪೀಚೆಕತ್ತಿ ಸಿಕ್ಕಿಸಿಕೊಂಡು ಮದುವೆಗೆ ಹೋಗುತ್ತಾರೆ, ಬೆಳ್ಳಿಯ ಕೆಲಸದ ಒರೆಯಲ್ಲಿ. ಜನ ಅವರ ಹತ್ತಿರ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದಕ್ಕೊಂದು ಮರ್ಯಾದೆ ಉಳಿದಿದೆ. ಅತ್ತ ಉತ್ತರಪ್ರದೇಶದ ರಾಮ್‌ಪುರದ ಗತಿ ನೋಡಿ. ಅಲ್ಲಿನ ಮಡಚುವ ಚಾಕು ಹಿಂದಿ ಸಿನಿಮಾದ ಖಳರ ಕೈಗೆ ಹೋಯಿತು. 1965ರ ‘ವಕ್ತ್’ನಲ್ಲಿ ಹಿಂದಿಯ ರಾಜ್‌ಕುಮಾರ್ ಚಾಕು ಎಳೆದವನಿಗೇ ಬುದ್ಧಿ ಹೇಳಿ ಅದನ್ನು ಅವನ ಕೈಯಿಂದ ತೆಗೆದುಕೊಂಡದ್ದು ಜನರಿಗೆ ಇನ್ನೂ ನೆನಪಿದೆ, ಆದರೂ ಊರಿನ ಹೆಸರು ಬೈಗುಳದಂತಾಯಿತು. ಕೊನೆಗೆ ನಾಲ್ಕೂವರೆ ಇಂಚು ಮೀರಿದ ಅಲಗಿಗೆ ಸರಕಾರ ನಿಷೇಧ ಹಾಕಿ, ಮಾಡುವವರ ಕೈಕೆಲಸವೇ ಕುಗ್ಗಿತು. ಚಾಕು ಮಾಡಿದವನು ಕೆಟ್ಟ, ಅದನ್ನು ತೋರಿಸಿದವನು ಬಂಗಲೆ ಕಟ್ಟಿದ.

ನೀವು ಲೊಕೇಶನ್ ಹುಡುಕುತ್ತಾ ಈ ಕಡೆ ಬರುವುದಾದರೆ, ಬಳ್ಳಾರಿಯಿಂದ ಮೋಕಕ್ಕೆ ಬರುವ ಹಾದಿಯಲ್ಲಿ ಸಂಗನಕಲ್ಲು ಸಿಗುತ್ತದೆ. ಅದರ ಹತ್ತಿರದ ಹಿರೇಗುಡ್ಡದ ಮೇಲೆ ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆ ಕಲ್ಲುಕೊಡಲಿ ಮಾಡುವ ದೊಡ್ಡ ಕಾರ್ಖಾನೆಯೇ ಇತ್ತು. ಕರಿಕಲ್ಲಿನ ಸಾಲಿನಿಂದ ಚಕ್ಕೆ ಎಬ್ಬಿಸುವುದು, ಕುಟ್ಟುವುದು, ಬಂಡೆಯ ಮೇಲೆ ಉಜ್ಜಿ ನುಣುಪು ಮಾಡುವುದು. ಉಜ್ಜಿ ಉಜ್ಜಿ ಬಂಡೆಯಲ್ಲೇ ಬಿದ್ದ ತೋಡುಗಳು ಇವತ್ತಿಗೂ ಇವೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೇ ಶತಮಾನದಲ್ಲಿ ಇದನ್ನು ದಾಖಲಿಸಿದ, ಬಳ್ಳಾರಿಯ ವಸ್ತುಸಂಗ್ರಹಾಲಯಕ್ಕೆ ಅವನದೇ ಹೆಸರಿದೆ. ಅದೇ ಗುಡ್ಡದಲ್ಲಿ ಆ ಜನ ಬಂಡೆಯ ಮೇಲೆ ಕುಟ್ಟಿ ಬಿಡಿಸಿದ ಚಿತ್ರಗಳೂ ಇವೆ, ಬಡಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳೂ ಇವೆ. ಇಷ್ಟು ಕೊಡಲಿ ಮಾಡಿದವರು ಹೆಚ್ಚಾಗಿ ಯಾವುದರ ಚಿತ್ರ ಬಿಡಿಸಿದರು ಅಂದುಕೊಂಡಿರಿ? ದನಗಳದು. ಒಳ್ಳೆಯ ಕೊಂಬಿನ, ಒಳ್ಳೆಯ ಹಿಣಿಲಿನ ಎತ್ತುಗಳದು. ಆ ತೋಡುಗಳ ಸುತ್ತ ಕೂತು ಅವರೂ ನಮ್ಮ ಹಾಗೆಯೇ, ನಿನ್ನದು ಮೊಂಡು, ನನ್ನದು ಹರಿತ ಅಂತ ಹರಟಿರಬೇಕು ಅಂತ ಮೇಷ್ಟ್ರ ವಾದ. ಪುರಾತತ್ವದವರು ಒಪ್ಪುತ್ತಾರೋ ಬಿಡುತ್ತಾರೋ, ಕಟ್ಟೆ ಒಪ್ಪಿದೆ. ದಯವಿಟ್ಟು ಅಲ್ಲಿ ಫೈಟ್ ಇಡಬೇಡಿ.

ಇನ್ನು ನಮ್ಮ ಬೇಡಿಕೆಗಳು. ನಾಯಕ ಬೀಡಿ ಹಚ್ಚಿದರೆ ಪರದೆಯ ಕೆಳಗೆ ಎಚ್ಚರಿಕೆಯ ಸಾಲು ಬರುತ್ತದೆ. ಪ್ರಾಣಿ ನಟಿಸಿದರೆ ಪ್ರಾಣಿ ಕಲ್ಯಾಣ ಮಂಡಳಿಯ ಅಪ್ಪಣೆ ಬೇಕು. ಲಾಂಗ್ ಬಂದಾಗಲೂ ಒಂದು ಸಾಲು ಹಾಕಿಸಿ: “ಇದರಲ್ಲಿ ಈರುಳ್ಳಿ ಹೆಚ್ಚಲು ಬರುವುದಿಲ್ಲ.” ಇದು ವೈಜ್ಞಾನಿಕವಾಗಿ ಸಾಬೀತಾದ ಸತ್ಯ, ಬೇಕಾದರೆ ಹೂವಿನ ಅಕ್ಕನಿಂದ ಪ್ರಮಾಣಪತ್ರ ಕೊಡಿಸುತ್ತೇವೆ. ಎಳನೀರಿನವರ ಮಚ್ಚು, ಕೊಯ್ಲಿನವರ ಕುಡಗೋಲು, ಕುರಿ ಉಣ್ಣೆ ಕತ್ತರಿಸುವವರ ಕತ್ತರಿ, ಇವುಗಳಿಗೂ ಒಂದೊಂದು ಪಾತ್ರ ಕೊಡಿ, ಡೈಲಾಗ್ ಬೇಡ. ಮಹಾನವಮಿಯ ದಿನ ನಾವು ಚಾಕುಗಳನ್ನೆಲ್ಲ ತೊಳೆದು, ಕುಂಕುಮ ಹಚ್ಚಿ, ಅವತ್ತು ಅವುಗಳಿಂದ ಏನೂ ಕುಯ್ಯದೆ ರಜೆ ಕೊಡುತ್ತೇವೆ. ಮರುದಿನ ಬನ್ನಿ ಹಂಚಿಕೊಂಡು, ವರ್ಷವಿಡೀ ಆಡಿದ ಜಗಳಕ್ಕೆಲ್ಲ ಮಂಗಳ ಹಾಡುತ್ತೇವೆ. ನಿಮ್ಮ ಲಾಂಗಿಗೂ ವರ್ಷಕ್ಕೊಂದು ದಿನ ರಜೆ ಕೊಡಿ, ಪಾಪ.

ಮತ್ತೆ ಒಂದೇ ಒಂದು ದೃಶ್ಯ. ಎರಡು ನಿಮಿಷ ಸಾಕು. ನಾಯಕ ಗೆಳೆಯರ ಜತೆ ಕೂತಿರಲಿ. ಜೇಬಿಗೆ ಕೈ ಹಾಕಲಿ. ಹಿನ್ನೆಲೆ ಸಂಗೀತದವರು ಬೇಕಾದಷ್ಟು ಬಡಿದುಕೊಳ್ಳಲಿ, ಜನ ಬೆನ್ನು ನೆಟ್ಟಗೆ ಮಾಡಿ ಕೂರಲಿ. ಅವನು ಮೂರಿಂಚಿನ ಚಾಕು ಬಿಚ್ಚಿ ಸೌತೆಕಾಯಿ ಹೆಚ್ಚಿ, ಮೊದಲ ಹೋಳು ಪಕ್ಕದವನಿಗೆ ಕೊಟ್ಟು, ಅಲಗು ಒರೆಸಿ ಮಡಚಿ ಒಳಗಿಡಲಿ. ಆಮೇಲೆ ಮಿಕ್ಕ ಎರಡೂವರೆ ತಾಸು ನೀವು ಯಾರನ್ನು ಬೇಕಾದರೂ ಕೊಲ್ಲಿ, ನಾವು ಟಿಕೆಟ್ ತೆಗೆದುಕೊಂಡೇ ನೋಡುತ್ತೇವೆ.

ಚಿತ್ರೀಕರಣಕ್ಕೆ ಕಟ್ಟೆ ಪುಕ್ಕಟೆ, ಚಾಕು ನಾವೇ ಕೊಡುತ್ತೇವೆ. ಕೈಗೆ ಕೊಡುವುದಿಲ್ಲ, ಕಲ್ಲಿನ ಮೇಲೆ ಇಡುತ್ತೇವೆ, ನಿಮ್ಮ ನಾಯಕರೇ ಎತ್ತಿಕೊಳ್ಳಬೇಕು. ಬರುವ ಮುಂಚೆ ಒಂದು ಮಾತು ತಿಳಿಸಿ, ಮಿರ್ಚಿ ಬಿಸಿ ಇರುವಾಗಲೇ ತಿನ್ನಬೇಕು.

ಇಂತಿ,
ಮೋಕದ ಬೇವಿನ ಕಟ್ಟೆಯವರ ಪರವಾಗಿ,
ಕಮಾನು ಪಟ್ಟೆಯ ಚಾಕುವಿನವ